ಎರಡೂ ಗಾಡಿಗೆ ಒಂದೇ ಇಂಜಿನು

ಕುಂಬಳೆಯಿಂದ ಬದಿಯಡ್ಕದ ಮೂಲಕ ಬರುವ ರಸ್ತೆ ಚೆರ್ಕಳ–ಜಾಲ್ಸೂರು ರಸ್ತೆಯನ್ನು ಕೂಡುವ ಮುಳ್ಳೇರಿಯಕ್ಕೆ ರೈಲುಹಳಿ ಎಂದೂ ಬರಲಿಲ್ಲವಾದ್ದರಿಂದ, ಈ ಊರಿನ ರೈಲಿನ ಚರಿತ್ರೆಯನ್ನು ಪಡುವಣ ಕರಾವಳಿಯಲ್ಲೇ ಹುಡುಕಬೇಕಾಗುತ್ತದೆ. ಮದರಾಸು ರೈಲ್ವೆಯ ಬ್ರಾಡ್‌ಗೇಜ್ ಹಳಿ 1888ರಲ್ಲಿ ಕಲ್ಲಿಕೋಟೆಗೆ ತಲುಪಿ, ಹೊಳೆಗೊಂದು ಸೇತುವೆ ಕಟ್ಟಿಕೊಳ್ಳುತ್ತ ಬಡಗಣಕ್ಕೆ ಬೆಳೆದು, ಕಾಸರಗೋಡು ಕುಂಬಳೆಗಳನ್ನು ದಾಟಿ 1907ರಲ್ಲಿ ಮಂಗಳೂರನ್ನು ಮುಟ್ಟಿತು. ಮರುವರ್ಷವೇ ಮಾರ್ಗವು ಸೌತ್ ಇಂಡಿಯನ್ ರೈಲ್ವೆಯ ಕೈಸೇರಿತು. ಸುಳ್ಯದ ಕಡೆಯಿಂದ ಹರಿದುಬರುವ ಪಯಸ್ವಿನಿ, ಚಂದ್ರಗಿರಿ ಹೊಳೆಯಾಗಿ ಕಡಲು ಸೇರುವ ಮುನ್ನ ಹಾಯುವುದು ಈ ಹಳಿಯ ಸೇತುವೆಯ ಅಡಿಯಲ್ಲಿಯೇ.

ಇನ್ನು ಹಳಿಯಿಂದ ಗಾಡಿಯ ಮಾತಿಗೆ ಬಂದರೆ, ಜನರಿಗೊಂದು, ಸರಕಿಗೊಂದು ಎಂದು ಬೇರೆ ಬೇರೆ ಗಾಡಿ ಓಡಿಸುವಷ್ಟು ಆದಾಯವಿಲ್ಲದ ಕಡೆ ರೈಲ್ವೆಗಳು ಎರಡನ್ನೂ ಒಟ್ಟಿಗೆ ಜೋಡಿಸಿದ 'ಮಿಕ್ಸೆಡ್ ಗಾಡಿ'ಯನ್ನು ನಡೆಸುತ್ತಿದ್ದವು. ಮಿಶ್ರ ಸಂಚಾರದ ಇಂಜಿನು ಎಂಬುದು ಇದಕ್ಕಿಂತ ತುಸು ಬೇರೆಯಾದ ಕಲ್ಪನೆ: ಇಂದು ಪ್ರಯಾಣಿಕರ ಗಾಡಿಯನ್ನೂ ನಾಳೆ ಗೂಡ್ಸ್ ಗಾಡಿಯನ್ನೂ ಎಳೆಯಬಲ್ಲ ಇಂಜಿನಿಗೆ ಆ ಹೆಸರು. ಇದರ ಗುಟ್ಟು ಇರುವುದು ಗಾಲಿಯ ಅಳತೆಯಲ್ಲಿ. ಉಗಿಯ ಒತ್ತಡದಿಂದ ಹಿಂದುಮುಂದಾಗುವ ಕೊಂತವು ತಿರುಗಿಸುವ ಚಾಲಕ ಗಾಲಿ ದೊಡ್ಡದಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ. ಚಿಕ್ಕದಾದಷ್ಟೂ ಎಳೆತದ ಬಲ ಹೆಚ್ಚುತ್ತದೆ. ಬ್ರಿಟನ್ನಿನಲ್ಲಿ ಸ್ಟೇನಿಯರ್ ರೂಪಿಸಿದ ಕೊರೊನೇಷನ್ ಎಕ್ಸ್‌ಪ್ರೆಸ್ ಇಂಜಿನಿನ ಗಾಲಿ 6 ಅಡಿ 9 ಅಂಗುಲ, ಸರಕಿನ 8ಎಫ್ ಇಂಜಿನಿನದು 4 ಅಡಿ 8½ ಅಂಗುಲವಾಗಿದ್ದರೆ, ಎರಡೂ ಕೆಲಸಕ್ಕೆ ಒದಗುವ 'ಬ್ಲ್ಯಾಕ್ ಫೈವ್' ಇಂಜಿನಿನದು 6 ಅಡಿಯಾಗಿತ್ತು. 1934ರಿಂದ 1951ರವರೆಗೆ ಇಂಥವು 842 ತಯಾರಾದವು.

ಭಾರತದ ಮೀಟರ್‌ಗೇಜ್ ಹಳಿಗಳ ಮೇಲೆ ಈ ಕೆಲಸವನ್ನು ಬಹಳ ಮೊದಲೇ, 1870ರ ದಶಕದಿಂದಲೇ, ಮಾಡುತ್ತ ಬಂದದ್ದು 'ಎಫ್' ವರ್ಗದ ಇಂಜಿನು. ಇದರ ಆರು ಗಾಲಿಗಳೂ ಚಾಲಕ ಗಾಲಿಗಳೇ ಆಗಿದ್ದು, ಇಂಜಿನಿನ ತೂಕವೆಲ್ಲ ಅವುಗಳ ಮೇಲೆಯೇ ಬೀಳುತ್ತಿದ್ದುದರಿಂದ ಹಳಿಯ ಮೇಲೆ ಹಿಡಿತ ಚೆನ್ನಾಗಿರುತ್ತಿತ್ತು. ಘಟ್ಟದ ಮೇಲಿನ ಸದರ್ನ್ ಮರಾಠಾ ರೈಲ್ವೆಯಲ್ಲಿಯೂ ದುಡಿದ ಈ ವರ್ಗಕ್ಕೆ ವೇಗದ ಕೀರ್ತಿ ಎಂದೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಇಂಥ ಇಂಜಿನಿನ ದಿನ ಗಾಡಿ ಹೊರಡುವುದಕ್ಕೆ ಎಷ್ಟೋ ಗಂಟೆ ಮೊದಲೇ ಶೆಡ್ಡಿನಲ್ಲಿ ತೊಡಗುತ್ತಿತ್ತು. ತಣ್ಣಗಿನ ಬಾಯ್ಲರನ್ನು ಅವಸರದಲ್ಲಿ ಕಾಯಿಸಿದರೆ ಲೋಹದ ಒಂದು ಭಾಗ ಹಿಗ್ಗಿ ಇನ್ನೊಂದು ಭಾಗ ಹಿಗ್ಗದೆ ಜೋಡಣೆಗಳು ಸಡಿಲುವುದರಿಂದ ಬೆಂಕಿಯನ್ನು ನಿಧಾನವಾಗಿಯೇ ಎಬ್ಬಿಸಬೇಕಿತ್ತು. ದಾರಿಯುದ್ದಕ್ಕೂ ಫೈರ್‌ಮನ್ ಉರುವಲನ್ನು ಒಂದೇ ಕಡೆ ರಾಶಿ ಬೀಳದಂತೆ ಬೆಂಕಿಗೂಡಿನ ಮೂಲೆಮೂಲೆಗೂ ಹರಡಬೇಕು, ನೀರಿನ ಮಟ್ಟ ತೋರುವ ಗಾಜಿನ ಕೊಳವೆಯ ಮೇಲೆ ಕಣ್ಣಿಟ್ಟಿರಬೇಕು. ಆತ ಮೈಮರೆತು ಮಟ್ಟ ತೀರ ಇಳಿದರೆ ಬೆಂಕಿಗೂಡಿನ ಛಾವಣಿಯಲ್ಲಿರುವ ಸೀಸದ ಬಿರಡೆ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತಿತ್ತು. ಕಲ್ಲಿದ್ದಲಿನ ಗಣಿಗಳಿಂದ ದೂರವಿದ್ದ ದಕ್ಷಿಣದಲ್ಲಿ ಆರಂಭದ ದಶಕಗಳ ಉರುವಲು ಬಹುಮಟ್ಟಿಗೆ ಕಟ್ಟಿಗೆಯೇ. ಮದರಾಸಿನ ಮರಳು ಕರಾವಳಿಯಲ್ಲಿ ಗಾಳಿಮರದ ತೋಪುಗಳನ್ನು ಬೆಳೆಸಿದ್ದು ಇದೇ ಬೇಡಿಕೆಗಾಗಿ. ಮಿಕ್ಸೆಡ್ ಗಾಡಿಯಾದರೆ ನಿಲ್ದಾಣದಲ್ಲಿ ಇಂಜಿನು ಕಳಚಿಕೊಂಡು, ಸರಕಿನ ವ್ಯಾಗನ್ನನ್ನು ಪಕ್ಕದ ಹಳಿಗೆ ತಳ್ಳಿ, ಮತ್ತೊಂದನ್ನು ಎಳೆದು ತಂದು ಸೇರಿಸುವವರೆಗೆ ಪ್ರಯಾಣಿಕರು ಕಾದು ಕುಳಿತಿರಬೇಕಾಗಿತ್ತು.

ಅಜ್ಮೀರದ ಕಾರ್ಖಾನೆಯಲ್ಲಿ 1895ರಲ್ಲಿ ತಯಾರಾದ, ಭಾರತದಲ್ಲಿಯೇ ಕಟ್ಟಿದ ಮೊದಲ ಇಂಜಿನು ಎಂದು ಗುರುತಿಸಲಾಗುವ ಎಫ್-734 ಕೂಡ ಈ ವರ್ಗದ್ದೇ. ಅದು ಈಗ ದೆಹಲಿಯ ರೈಲು ಸಂಗ್ರಹಾಲಯದಲ್ಲಿದೆ.