ಕಸಬರಿಗೆಯ ಪಾಳಿ

ಜಪಾನಿನ ಒಂದು ಮಾಧ್ಯಮಿಕ ಶಾಲೆಯಲ್ಲಿ ನಾನು ಸಹಾಯಕ ಇಂಗ್ಲಿಷ್ ಶಿಕ್ಷಕನಾಗಿದ್ದೆ. ಮೊದಲ ದಿನ ಊಟ ಮುಗಿದು ಸ್ವಲ್ಪ ಹೊತ್ತಿಗೆ ಧ್ವನಿವರ್ಧಕದಲ್ಲಿ ಹಾಡು ಬಂತು. ಮಕ್ಕಳೆಲ್ಲ ಎದ್ದು ಮೇಜು, ಕುರ್ಚಿ ಹಿಂದಕ್ಕೆ ಸರಿಸಿದರು. ಕೆಲವರು ಕಸಬರಿಗೆ ಹಿಡಿದರು, ಕೆಲವರು ಒದ್ದೆ ಅರಿವೆ. ಒಂದು ಗುಂಪು ಶೌಚಾಲಯದ ಕಡೆ ಹೋಯಿತು. ಗಣಿತದ ಶಿಕ್ಷಕರು ಅಂಗಿಯ ತೋಳು ಮಡಚಿ, ಮೊಣಕಾಲೂರಿ ನೆಲ ಒರೆಸತೊಡಗಿದರು. ಇದಕ್ಕೆ ಅಲ್ಲಿ ‘ಸೋಜಿ’ ಎನ್ನುತ್ತಾರೆ. ಹದಿನೈದು ನಿಮಿಷದ ಕೆಲಸ. ಯಾವ ಗುಂಪಿಗೆ ಯಾವ ಜಾಗ ಎಂಬ ಪಟ್ಟಿ ಗೋಡೆಯ ಮೇಲಿತ್ತು, ಪಾಳಿ ತಿರುಗುತ್ತಿತ್ತು.

ನನಗೂ ಒಂದು ಅರಿವೆ ಕೊಟ್ಟರು. ಸರಿಯಾಗಿ ಹಿಂಡಲು ಬರದೆ ನೆಲವೆಲ್ಲ ನೀರು ಮಾಡಿದೆ. ಹುಡುಗಿಯೊಬ್ಬಳು ನಕ್ಕು, ಹಿಂಡುವುದು ಹೇಗೆಂದು ತೋರಿಸಿಕೊಟ್ಟಳು.

ರಾತ್ರಿ ಗೋಕಾಕಕ್ಕೆ ಫೋನು ಮಾಡಿ ಹೇಳಿದಾಗ ಅವ್ವ ಕೇಳಿದಳು: “ಅಲ್ಲೆ ಕಸಾ ಹೊಡ್ಯಾವ್ರು ಯಾರೂ ಇಲ್ಲೇನೋ?”

ನಮ್ಮ ಕನ್ನಡ ಸಾಲಿಯಲ್ಲೂ ಮಕ್ಕಳೇ ಕಸ ಹೊಡೆಯುತ್ತಿದ್ದರು. ಆದರೆ ದಿನಾಲೂ ಅದೇ ನಾಲ್ಕು ಹುಡುಗರು, ಊರ ಹೊರಗಿನ ಕೇರಿಯವರು. ಏಳು ವರ್ಷದಲ್ಲಿ ನನ್ನ ಪಾಳಿ ಒಮ್ಮೆಯೂ ಬರಲಿಲ್ಲ. ಬರಲಿಲ್ಲ ಎಂಬುದು ನನಗೆ ಹೊಳೆದದ್ದೂ ಆ ರಾತ್ರಿಯೇ.

ಇದು ಒಂದು ಸಾಲಿಯ ಕತೆಯಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಿ ಎಂದು ಮಹಾರ ಸಮುದಾಯದ ಹುಡುಗನೊಬ್ಬ ಅರ್ಜಿ ಕೊಟ್ಟ. ಇವನೊಬ್ಬನನ್ನು ಸೇರಿಸಿದರೆ ಉಳಿದವರು ಶಾಲೆ ಬಿಟ್ಟಾರು ಎಂಬ ಅಂಜಿಕೆಗೆ ಮುಂಬೈ ಸರ್ಕಾರ ಅವನ ಪರ ನಿಲ್ಲಲಿಲ್ಲ. 1872ರಲ್ಲಿ ಜಪಾನ್ ಮೇಲು ಕೀಳೆನ್ನದೆ ಎಲ್ಲರಿಗೂ ಶಿಕ್ಷಣ ಎಂಬ ಕಾಯ್ದೆ ತಂದಿತು.

ಹಾಗಂತ ಜಪಾನನ್ನು ಹೊಗಳಿ ಮುಗಿಸುವಂತಿಲ್ಲ. ಚರ್ಮ ಹದ ಮಾಡುವವರನ್ನು, ಸತ್ತ ದನ ಸಾಗಿಸುವವರನ್ನು ಅಲ್ಲಿಯೂ ದೂರ ಇಟ್ಟಿದ್ದರು. 1871ರ ಆದೇಶ ಆ ಭೇದವನ್ನು ಕಾಗದದಿಂದ ಅಳಿಸಿತು, ಬದುಕಿನಿಂದಲ್ಲ. ಶಿಮಾಜಾಕಿ ತೋಸೊನ್ 1906ರಲ್ಲಿ ಪ್ರಕಟಿಸಿದ ‘ಹಕಾಯ್’ ಕಾದಂಬರಿಯ ನಾಯಕ ಅಂಥ ಮನೆತನದ ಶಾಲಾ ಶಿಕ್ಷಕ. ಹುಟ್ಟನ್ನು ಮುಚ್ಚಿಟ್ಟು ಪಾಠ ಮಾಡುತ್ತಾನೆ. ಕೊನೆಗೆ ಮಕ್ಕಳ ಮುಂದೆಯೇ ಅದನ್ನು ಹೇಳಿಕೊಳ್ಳುತ್ತಾನೆ. 1922ರಲ್ಲಿ ಆ ಸಮುದಾಯದವರು ಕ್ಯೋತೊದಲ್ಲಿ ‘ಸುಯ್‌ಹೈಶಾ’ ಸಂಘಟನೆ ಕಟ್ಟಿದರು. ಮೂರು ವರ್ಷದ ನಂತರ, 1925ರ ಏಪ್ರಿಲ್‌ನಲ್ಲಿ, ನಮ್ಮ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತ ಪರಿಷತ್ತಿಗೆ ಅಂಬೇಡ್ಕರ್ ಬಂದರು. ಎರಡೂ ಕಡೆ ಜನ ಕೇಳಿದ್ದು ಸಮಾನತೆಯನ್ನೇ.

ಈಗ ಊರಿನಲ್ಲಿ ನನ್ನ ಜಪಾನಿನ ಕತೆ ಕೇಳಿದವರು, “ನಮ್ಮ ಮಕ್ಕಳಿಗೂ ಹಂಗ ಕಲಿಸಬೇಕ್ರಿ ಸರ” ಎನ್ನುತ್ತಾರೆ. ನಾನು ತಕ್ಷಣ ಹೂಂಗುಡುವುದಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಬಂತು. ಅಲ್ಲಿಯೂ ಮಕ್ಕಳೇ ಶಾಲೆ ತೊಳೆದದ್ದು. ಅದನ್ನು ಯಾರೂ ಸೋಜಿ ಎನ್ನಲಾರರು.

ಕೆಲಸ ಒಂದೇ. ಎಲ್ಲರಿಗೂ ಬಂದರೆ ಅದು ಪಾಠ, ಕೆಲವರಿಗೇ ಬಂದರೆ ಅವಮಾನ. ಜಪಾನಿನಿಂದ ಏನಾದರೂ ತರುವುದಿದ್ದರೆ ಮೊದಲು ಗೋಡೆಯ ಮೇಲಿನ ಆ ಪಟ್ಟಿಯನ್ನು ತರೋಣ. ಅದರಲ್ಲಿ ಗುರುಗಳ ಹೆಸರಿರಲಿ, ನನ್ನಂಥವರ ಮನೆಯ ಮಕ್ಕಳ ಹೆಸರೂ ಇರಲಿ.