ಡೋಲಿ ಹೊತ್ತವರು ಮತ್ತು 108

ಆಂಬುಲೆನ್ಸ್ ಎಂದ ಕೂಡಲೇ ನಮ್ಮ ಮಕ್ಕಳ ಕಣ್ಣಮುಂದೆ ಬರುವುದು ಬಿಳಿಯ ಗಾಡಿ, ತಲೆಯ ಮೇಲೆ ತಿರುಗುವ ದೀಪ, ಸೈರನ್ನು. ಆದರೆ ಗಾಡಿಗಿಂತ ಮೊದಲು ಬಂದದ್ದು ಮನುಷ್ಯರ ಹೆಗಲು. ತಾಳವಾಡಿ ಸೀಮೆಯ ನಾವು ಇದನ್ನು ಪುಸ್ತಕ ನೋಡಿ ಕಲಿಯಬೇಕಾಗಿಲ್ಲ. ಉದ್ದನೆಯ ಬಿದಿರ ಗಳುವಿಗೆ ಕಂಬಳಿಯನ್ನೋ ಸೀರೆಯನ್ನೋ ಕಟ್ಟಿ, ಅದರಲ್ಲಿ ರೋಗಿಯನ್ನು ಮಲಗಿಸಿ, ಹಿಂದೆ ಮುಂದೆ ಹೆಗಲು ಕೊಟ್ಟು ನಡೆಯುವುದೇ ಡೋಲಿ. ಹೆಗಲು ಬದಲಿಸಲು ಜೊತೆಗೆ ಇನ್ನೊಂದಷ್ಟು ಜನ ಬೇಕು. ದಾರಿಯಲ್ಲಿ ಆನೆ ನಿಂತಿದೆಯೇ ಎಂದು ನೋಡಲು ಬೆಳಕು ಹಿಡಿದು ಒಬ್ಬ ಮುಂದೆ ಹೋಗಬೇಕು. ಕಾಡೊಳಗಿನ ಊರಿನ ಒಂದು ಕಷ್ಟದ ಹೆರಿಗೆಗೆ ಹತ್ತು ಮಂದಿಯ ಒಂದು ದಿನದ ದುಡಿಮೆ ಹೋಯಿತೆಂದೇ ಲೆಕ್ಕ. ಅದಕ್ಕೆ ಕೂಲಿ ಕೇಳಿದವರನ್ನು ನಾನು ಕಾಣೆ!

ದೊಡ್ಡ ಚರಿತ್ರೆಯೂ ಹೀಗೆಯೇ ಇದೆ. ಆಂಬುಲೆನ್ಸ್ ಎಂಬ ಮಾತು ಫ್ರೆಂಚರದು, ‘ನಡೆದಾಡುವ ಆಸ್ಪತ್ರೆ’ ಎಂಬ ಅರ್ಥದಿಂದ ಬಂದದ್ದು. ಅದು ಸೈನ್ಯದ ಏರ್ಪಾಡು. ಸಾಮಾನ್ಯ ಜನ ಕೈಹಾಕಿದ ದೊಡ್ಡ ಉದಾಹರಣೆ ಎಂದರೆ 1859ರ ಜೂನ್ 24ರ ಸಾಲ್ಫೆರಿನೊ ಯುದ್ಧದ್ದು. ಅಲ್ಲಿ ಗಾಯಾಳುಗಳ ಪಾಡು ಕಂಡ ಹೆನ್ರಿ ಡ್ಯುನಾಂಟ್ ಎಂಬ ವ್ಯಾಪಾರಿ, ಪಕ್ಕದ ಊರಿನ ಹೆಂಗಸರನ್ನು ಸೇರಿಸಿಕೊಂಡು ಚರ್ಚಿನಲ್ಲೇ ಶುಶ್ರೂಷೆಗೆ ನಿಂತ. ಅದರಿಂದಲೇ 1863ರಲ್ಲಿ ರೆಡ್‌ಕ್ರಾಸ್ ಹುಟ್ಟಿತು.

ನಮ್ಮವರ ಕಥೆ ದಕ್ಷಿಣ ಆಫ್ರಿಕಾದಲ್ಲಿದೆ. 1899ರಲ್ಲಿ ಬೋಯರ್ ಯುದ್ಧ ಶುರುವಾದಾಗ ಗಾಂಧೀಜಿಯವರು ಸುಮಾರು 1,100 ಭಾರತೀಯರ ಆಂಬುಲೆನ್ಸ್ ದಳ ಕಟ್ಟಿದರು. ಅವರಲ್ಲಿ ಹೆಚ್ಚಿನವರು ಕರಾರಿನ ಕೂಲಿಗಳು. ನಟಾಲಿಗೆ ಹೋದ ಕೂಲಿಗಳಲ್ಲಿ ಬಹುಪಾಲು ಜನ ಮದರಾಸಿನಿಂದ ಹಡಗು ಹತ್ತಿದವರು ಎಂಬುದನ್ನು ಇಲ್ಲಿ ನೆನೆಯಬೇಕು. ಸ್ಟ್ರೆಚರ್ ಹೊತ್ತು ಅವರು ಕೆಲವು ದಿನ 20-25 ಮೈಲಿ ನಡೆದದ್ದುಂಟು. ಪಠ್ಯಪುಸ್ತಕದಲ್ಲಿ ಗಾಂಧೀಜಿಯ ಹೆಸರಿರುತ್ತದೆ. ಹೊತ್ತವರ ಹೆಸರು ಇರುವುದಿಲ್ಲ. ನಮ್ಮ ಡೋಲಿಯವರ ಹೆಸರೂ ಎಲ್ಲೂ ಬರೆದಿಟ್ಟಿಲ್ಲ.

ಇನ್ನು ನಮ್ಮ ಊರಿನ ವಿಷಯ. 1956ರಲ್ಲಿ ಭಾಷಾವಾರು ಪ್ರಾಂತ್ಯವಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದರಾಸಿನಲ್ಲೇ ಉಳಿದೆವು. 1979ರಲ್ಲಿ ಈರೋಡು ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರ ನಮಗೆ ನೂರು ಕಿಲೋಮೀಟರಿಗೂ ಆಚೆ. ಸತ್ಯಮಂಗಲಕ್ಕೆ ಹೋಗುವುದಾದರೂ ಆಸನೂರು ದಾಟಿ, ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವು ಇಳಿದು ಬಣ್ಣಾರಿ ಸೇರಬೇಕು. ಚಾಮರಾಜನಗರವೋ ಸುಮಾರು 25 ಕಿಲೋಮೀಟರು, ಆದರೆ ಬೇರೆ ರಾಜ್ಯ. ಹೀಗಾಗಿ ಬಹಳ ಕಾಲ ನಮಗೆ ಆಂಬುಲೆನ್ಸ್ ಎಂದರೆ ಎತ್ತಿನ ಗಾಡಿ, ಆಮೇಲೆ ಎಲೆಕೋಸು ಹೇರಿಕೊಂಡು ಹೋಗುವ ಟೆಂಪೋ. ಮೂಟೆ ಇಳಿಸಿ ರೋಗಿಯನ್ನು ಹತ್ತಿಸಿಕೊಂಡ ಡ್ರೈವರುಗಳೂ ಈ ಚರಿತ್ರೆಗೆ ಸೇರಬೇಕಾದವರೇ.

108 ಸೇವೆ ಬಂದದ್ದು 2008ರಲ್ಲಿ. ತಮಿಳುನಾಡಿನಲ್ಲಿ ಸೆಪ್ಟೆಂಬರ್ 15ಕ್ಕೆ, ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಎಂದು ನವೆಂಬರ್ 1ಕ್ಕೆ. (108 ಎಂದರೆ ನಮ್ಮ ಕಡೆ ಇನ್ನೊಂದು ನೆನಪೂ ಇದೆ. 2000ದಲ್ಲಿ ದೊಡ್ಡಗಾಜನೂರಿನಿಂದ ವೀರಪ್ಪನ್ ಅಪಹರಿಸಿದ ಡಾ. ರಾಜ್‌ಕುಮಾರ್ ಬಿಡುಗಡೆಯಾದದ್ದೂ 108ನೇ ದಿನ!) ಗಾಡಿ ಬಂದಿತು ನಿಜ, ಆದರೆ ಅದು ರಸ್ತೆ ಇರುವಲ್ಲಿಗೆ ಮಾತ್ರ ಬರುತ್ತದೆ. ರಸ್ತೆಯವರೆಗೆ ತಂದು ಮುಟ್ಟಿಸುವ ಹೆಗಲಿನ ಕೆಲಸ ಉಳಿದೇ ಉಳಿಯಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟಿನ ಆದೇಶದಂತೆ ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರ ನಿರ್ಬಂಧ ಬಂದಾಗ ಆಂಬುಲೆನ್ಸಿಗೆ ವಿನಾಯಿತಿ ಕೊಟ್ಟರು.

ಗಡಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಕಾಸರಗೋಡಿನ ನಮ್ಮ ಕನ್ನಡ ಬಂಧುಗಳು 2020ರ ಮಾರ್ಚ್-ಏಪ್ರಿಲ್‌ನಲ್ಲಿ ಕಂಡರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದವರ ಆಂಬುಲೆನ್ಸುಗಳು ತಲಪಾಡಿಯಲ್ಲಿ ನಿಂತುಹೋದವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಬೇಕಾಯಿತು. ನಕ್ಷೆಯ ಮೇಲಿನ ಗೆರೆ ರೋಗಿಗೆ ಗೋಡೆಯಾಗಬಾರದು ಎನ್ನುವುದು ನನ್ನ ಅಭಿಪ್ರಾಯ.

ಈಗ ನಮ್ಮ ಹೈಸ್ಕೂಲು ಮಕ್ಕಳಿಂದ ಏನಾದೀತು? ಡೋಲಿ ಹೊರಲು ಅವರಿಗೆ ವಯಸ್ಸಾಗಿಲ್ಲ. ಆದರೆ ಅವರಿಗೆ ಎರಡು ಭಾಷೆ ಬರುತ್ತದೆ! ಗಡಿಯಲ್ಲಿ ಮೊಬೈಲು ಯಾವ ರಾಜ್ಯದ ಗೋಪುರವನ್ನು ಹಿಡಿಯುತ್ತದೋ 108ರ ಕರೆ ಆ ರಾಜ್ಯಕ್ಕೆ ಹೋಗುತ್ತದೆ. ಎತ್ತಿದವರು ಕನ್ನಡದವರೂ ಆಗಬಹುದು, ತಮಿಳಿನವರೂ ಆಗಬಹುದು. ಗಾಬರಿಯಲ್ಲಿರುವ ಅಜ್ಜಿಗೆ ಇದನ್ನೆಲ್ಲ ವಿವರಿಸಿ ಹೇಳಲಾಗುವುದಿಲ್ಲ. ರಾಜ್ಯ, ತಾಲೂಕು, ಊರು, ಗುರುತಿನ ದೇವಸ್ಥಾನ ಅಥವಾ ಶಾಲೆ, ಇಷ್ಟನ್ನು ಎರಡೂ ಭಾಷೆಯಲ್ಲಿ ಹೇಳುವವರು ಪ್ರತಿ ಬೀದಿಯಲ್ಲೂ ಒಬ್ಬರಿರಲಿ. ಪೊಲೀಸು, ಕೋರ್ಟು ಎಂಬ ಭಯವೂ ಬೇಡ. ಸುಪ್ರೀಂ ಕೋರ್ಟ್ 2016ರಲ್ಲೇ ಅಪಘಾತದಲ್ಲಿ ನೆರವಾಗುವವರಿಗೆ ರಕ್ಷಣೆ ಕೊಟ್ಟಿದೆ. 2019ರ ಮೋಟಾರು ವಾಹನ ತಿದ್ದುಪಡಿಯ 134-ಎ ಕಲಮಿನಲ್ಲೂ ಅದು ಸೇರಿದೆ. ನೆರವಾದವರು ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ.

ದಿಂಬಂ ಘಟ್ಟದಲ್ಲಿ ಅಪಘಾತವಾದರೆ ತಿರುವಿನ ಪಕ್ಕದ ಫಲಕದಲ್ಲಿರುವ ಸಂಖ್ಯೆ ನೋಡಿ ಹೇಳಿರಿ. ಹೇರ್‌ಪಿನ್ ತಿರುವಿಗೆ ತಮಿಳಿನಲ್ಲಿ ‘ಕೊಂಡೈ ಊಸಿ ವಳೈವು’ ಎನ್ನುತ್ತಾರೆ.