ಹೊಳೆ ಕಾಣದ ಊರುಗಳ ತುಂಗಭದ್ರೆ

ತುಂಗಭದ್ರೆಯ ಚರಿತ್ರೆ ಎಂದೊಡನೆ ನಮ್ಮ ಪುಸ್ತಕಗಳು ಹಂಪಿಗೆ ಹೋಗಿ ನಿಲ್ಲುತ್ತವೆ. ಅದಕ್ಕೂ ಮೊದಲು ಹೊಳೆ ಹಾದು ಬರುವ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆಗೆ ಸಿಗುವುದು ಒಂದೆರಡು ಸಾಲು. ಹೊಳೆಯ ದಂಡೆಯಿಲ್ಲದ ಕೂಡ್ಲಿಗಿ, ಕೊಟ್ಟೂರಿಗೆ ಅದೂ ಇಲ್ಲ. ಈ ಐದು ತಾಲ್ಲೂಕುಗಳನ್ನು ಒಟ್ಟಿಗೆ ಇಟ್ಟು ನೋಡದೆ ಈ ನದಿ ಅರ್ಥವಾಗದು ಎಂಬುದು ಸಂಶೋಧನಾ ವಿದ್ಯಾರ್ಥಿಯಾದ ನನ್ನ ಅನಿಸಿಕೆ.

ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ತುಂಗೆ, ಭದ್ರೆ ಒಂದಾಗುತ್ತವೆ. ಹಾಗೆ ಹರಿದುಬಂದ ಹೊಳೆ ಹರಪನಹಳ್ಳಿ, ಹಡಗಲಿಗಳಿಗೆ ಪಡುವಣ ಗಡಿ. ಬ್ರಿಟಿಷರ ಕಾಲದಲ್ಲಿ ಈ ದಂಡೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ, ಆಚೆಯ ದಂಡೆ ಬಹುಪಾಲು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಭಕ್ತರಿಗೆ ಆ ಗೆರೆ ಅಡ್ಡಿಯಾಗಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಇಂದಿಗೂ ಎರಡೂ ದಂಡೆಯ ಜನ ಸೇರುತ್ತಾರೆ. ಬಿಲ್ಲೇರಿದ ಗೊರವಯ್ಯ ನುಡಿಯುವ ಕಾರಣಿಕದಲ್ಲಿ ರೈತರು ಆ ವರ್ಷದ ಮಳೆ-ಬೆಳೆಯನ್ನು ಹುಡುಕುತ್ತಾರೆ.

ಅದೇ ತಾಲ್ಲೂಕಿನ ಕುರುವತ್ತಿಯಲ್ಲಿ 1068ರಲ್ಲಿ, ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರ ವಾಸಿಯಾಗದ ಜ್ವರದಿಂದ ಬಳಲಿ ಈ ಹೊಳೆಯಲ್ಲಿ ಜಲಸಮಾಧಿಯಾದ. ಬಿಲ್ಹಣನ 'ವಿಕ್ರಮಾಂಕದೇವಚರಿತ' ಆ ಸಾವನ್ನು ಬಣ್ಣಿಸುವಾಗ ತುಂಗಭದ್ರೆಯನ್ನು ದಕ್ಷಿಣದ ಗಂಗೆಯಾಗಿ ಕಾಣುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಜಲಸಮಾಧಿಯಾದದ್ದು ಊರುಗಳು. 1945ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟೆಯ ಕೆಲಸ ಶುರುವಾಯಿತು; 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಹಗರಿಬೊಮ್ಮನಹಳ್ಳಿ ಸೀಮೆಯ ಹೊಲಗಳ ಮೇಲೆ ಹಿನ್ನೀರು ನಿಂತಿತು. ನಾರಾಯಣದೇವರಕೆರೆ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಕಾಲುವೆಗಳು ಮಾತ್ರ ಅಣೆಕಟ್ಟೆಯ ಕೆಳಗಿನ ಕೊಪ್ಪಳ, ರಾಯಚೂರು, ಬಳ್ಳಾರಿ, ಆಂಧ್ರದ ಕಡೆ ಸಾಗಿದವು. ನೀರು ಇಳಿಜಾರನ್ನು ಹುಡುಕುತ್ತದೆ. ಮೇಲಿನ ನೆಲಕ್ಕೆ ಅದನ್ನು ಪಂಪಿನಿಂದಲೇ ಎತ್ತಬೇಕು.

ಕೂಡ್ಲಿಗಿ, ಕೊಟ್ಟೂರಿನ ಕತೆ ಇನ್ನೂ ವಿಚಿತ್ರ. ಅಲ್ಲಿ ಬಿದ್ದ ಮಳೆನೀರೂ ಚಿಕ್ಕ ಹಗರಿಯಂಥ ಹಳ್ಳಗಳನ್ನು ಹಿಡಿದು ಕೊನೆಗೆ ತುಂಗಭದ್ರೆಯನ್ನೇ ಸೇರುತ್ತದೆ. ಬೇಸಾಯ ಮಾತ್ರ ಕೆರೆ, ಕೊಳವೆಬಾವಿ, ಮುಗಿಲನ್ನು ನಂಬಿದೆ. ಹೊಳೆಗೆ ನೀರು ಕೊಡುವ ನೆಲ ಹೊಳೆಯ ನೀರಿಗಾಗಿ ಕಾಯುತ್ತಿದೆ.

ದಂಡೆಯ ಗುಡಿ, ಶಾಸನಗಳಷ್ಟನ್ನೇ ಓದಿದರೆ ನದಿಯ ಚರಿತ್ರೆ ವೈಭವದ ಚರಿತ್ರೆಯಾಗುತ್ತದೆ. ಹಿನ್ನೀರಿನಡಿಯ ಊರನ್ನೂ ಬತ್ತಿದ ಕೆರೆಯನ್ನೂ ಪಕ್ಕದಲ್ಲಿಟ್ಟು ಓದಿದಾಗ, ಹೊಳೆ ಯಾರಿಗೆ ಸಿಕ್ಕಿತು, ಯಾರ ಕೈತಪ್ಪಿತು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯೂ ಚರಿತ್ರೆಯ ವಿಷಯವೇ.